ಫಿದ್ದಾ ಖಾಲಾಳ ಮೊದಲ ನೋಟ

ಫಿದ್ದಾ ಖಾಲಾ ಕನ್ನಡಕಕ್ಕಾಗಿ ಒಂದೂವರೆ ವರ್ಷ ಕಾದಳು. ತಪ್ಪು ಅವಳದಲ್ಲ. ನಿರಾಶ್ರಿತರ ಶಿಬಿರಕ್ಕೆ ಕಣ್ಣಿನ ಯಂತ್ರ ಬಂದ ದಿನ ನೋಂದಣಿ ಕಚೇರಿಯ ಮುಂದೆ ಸಾಲುಗಟ್ಟಿದ್ದ ಮುದುಕಿಯರೆಲ್ಲ ಅದನ್ನು ಕಣ್ಣಿನ ಪರೀಕ್ಷೆ ಎಂದೇ ತಿಳಿದಿದ್ದರು. ಗಲ್ಲ ಎತ್ತಿ, ಕಣ್ಣು ಅರಳಿಸಿ, ಅಲುಗಾಡಬೇಡಿ ಎಂದರು. ಇವರು ಬಿಸ್ಮಿಲ್ಲಾ ಎಂದು ನಿಂತರು. ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮನಾದ ಫಿದ್ದಾ ಅಂತೂ ಎರಡು ಕಣ್ಣನ್ನೂ ತೋರಿಸಿ, "ಎಡಗಣ್ಣು ಜಾಸ್ತಿ ಮಂಜು ಕಣಪ್ಪಾ, ಮರೀದೆ ಬರ್ಕೋ" ಎಂದು ಯಂತ್ರದವನಿಗೆ ಎರಡು ಸಲ ಹೇಳಿ ಬಂದಳು. ಅವನು ತಲೆಯಾಡಿಸಿದ. ಸಂಜೆಯೊಳಗೆ ಐನೂರು ಜನರ ಕಣ್ಣು ತೆಗೆದುಕೊಳ್ಳಬೇಕಾದವನು ತಲೆಯಾಡಿಸದೆ ಇನ್ನೇನು ಮಾಡುತ್ತಾನೆ?

ಕನ್ನಡಕ ಬರಲಿಲ್ಲ, ನಿಯಮ ಬಂತು. ಇನ್ನು ಮೇಲೆ ರೇಷನ್ ಚೀಟಿ ಇಲ್ಲ, ನಿಮ್ಮ ಕಣ್ಣೇ ಚೀಟಿ. ಅಂಗಡಿಯ ಕೌಂಟರಿನ ಮೇಲೆ ಕೂರಿಸಿದ ಕಪ್ಪು ಪೆಟ್ಟಿಗೆಯ ಕನ್ನಡಿಯೊಳಗೆ ನೋಡಬೇಕು. ಅದು ಗುರುತು ಹಿಡಿದರೆ ಹಸಿರು ದೀಪ; ಬೇಳೆ, ಎಣ್ಣೆ, ಹಿಟ್ಟು ನಿಮ್ಮದು. ಹಿಡಿಯದಿದ್ದರೆ ಕೆಂಪು ದೀಪ, ಬರಿಗೈ.

ಆ ಕೌಂಟರಿನ ಹಿಂದೆ ಕೂತವಳು ನಾನು, ನಜ್ವಾ. ಸಿರಿಯಾದ ಹೌರಾನಿನಲ್ಲಿ, ಗೋಧಿ ಬೆಳೆಯುವ ನಮ್ಮೂರಿನಲ್ಲಿ, ಹನ್ನೊಂದು ವರ್ಷ ಹೆಣ್ಣುಮಕ್ಕಳಿಗೆ ಭೂಗೋಳ ಕಲಿಸಿದವಳು. ಗಡಿ ಎಂದರೆ ನಕ್ಷೆಯ ಮೇಲಿನ ಗೆರೆ ಎಂದು ಪಾಠ ಮಾಡಿ, ಆಮೇಲೆ ಅದೇ ಗೆರೆಯನ್ನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ದಾಟಿ ಜೋರ್ಡಾನಿನ ಈ ಬಯಲಿಗೆ ಬಂದವಳು. ಇಲ್ಲಿ ನನ್ನ ಭೂಗೋಳ ಯಾರಿಗೂ ಬೇಕಿರಲಿಲ್ಲ. ಹದಿನಾಲ್ಕು ತಿಂಗಳು ಹೆಸರು ಬರೆಸಿ ಕಾದ ಮೇಲೆ ಅಂಗಡಿಯ ಕೆಲಸ ಸಿಕ್ಕಿತು. ದಿನಕ್ಕೆ ಮುನ್ನೂರು ಸಲ "ಕಣ್ಣು ಅಗಲ ಬಿಡಿ, ಮೇಲೆ ನೋಡಿ" ಎನ್ನುವ ಕೆಲಸ. ಹೆಂಗಸರು ನನ್ನನ್ನು ಈಗಲೂ ಟೀಚರಮ್ಮ ಎಂದೇ ಕರೆಯುತ್ತಾರೆ, ಅರ್ಧ ಮರ್ಯಾದೆಗೆ, ಅರ್ಧ ಚುಚ್ಚುವುದಕ್ಕೆ.

ಪ್ರತಿ ತಿಂಗಳು ಬೇಳೆಯ ಚೀಲ ಎತ್ತಿಕೊಳ್ಳುವಾಗ ಫಿದ್ದಾ ಖಾಲಾ ಕೇಳುತ್ತಿದ್ದಳು, "ಟೀಚರಮ್ಮ, ನನ್ನ ಕನ್ನಡಕ ಬಂತಾ?" "ಬರುತ್ತೆ ಖಾಲಾ" ಎಂದು ನಾನು ನಗುತ್ತಿದ್ದೆ. ಒಂದು ದಿನ ಸುಳ್ಳು ಸಾಕೆನಿಸಿತು.

"ಖಾಲಾ, ಅದು ಪರೀಕ್ಷೆ ಅಲ್ಲ. ಕಣ್ಣಿನ ಗುರುತು ತಗೊಂಡಿದ್ದು. ಒಬ್ಬರ ಪಾಲನ್ನ ಇನ್ನೊಬ್ಬರು ಕದೀಬಾರದು ಅಂತ."

"ತಗೊಳೋ ಮುಂಚೆ ನನ್ನನ್ನ ಕೇಳಿದ್ರಾ?"

"ಯಾರನ್ನೂ ಕೇಳ್ಲಿಲ್ಲ."

"ಕೇಳ್ದೆ ತಗೊಂಡೋರನ್ನ ನಮ್ಮೂರಲ್ಲಿ ಏನಂತಿದ್ರೇ?"

ಸಾಲಿನಲ್ಲಿದ್ದವರು ನಕ್ಕರು. ನಾನು ನಗಲಿಲ್ಲ, ಏಕೆಂದರೆ ಬಾಸಿಲ್ ಪಕ್ಕದಲ್ಲೇ ನಿಂತಿದ್ದ. ಯಂತ್ರಗಳ ಉಸ್ತುವಾರಿಗೆ ರಾಜಧಾನಿ ಅಮ್ಮಾನಿನಿಂದ ಬಂದವನು. ಇಸ್ತ್ರಿ ಮಾಡಿದ ಅಂಗಿ, ಸದಾ ವಾಸನೆಯ ಎಣ್ಣೆ ಹಚ್ಚಿದ ಕೂದಲು. ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುದುಕಿಯರನ್ನೆಲ್ಲ ಹಜ್ಜಾ ಎಂದು ಕರೆದು ಮರ್ಯಾದೆ ಕೊಡುತ್ತಿದ್ದ. ಆದರೆ ಮರ್ಯಾದೆ ಕೊಟ್ಟರೆ ಉತ್ತರ ಕೊಟ್ಟಂತೆ ಎಂದುಕೊಂಡಿದ್ದ.

"ಹಜ್ಜಾ, ಹೆದರಬೇಡಿ. ನಿಮ್ಮ ಕಣ್ಣಿನ ಗುರುತು ಸುರಕ್ಷಿತವಾದ ಜಾಗದಲ್ಲಿದೆ" ಎಂದ.

"ನನ್ನ ಮನೆ ಬೀಗದ ಕೈನೂ ಸುರಕ್ಷಿತವಾದ ಜಾಗದಲ್ಲೇ ಇಟ್ಟಿದ್ದೆ ಮಗಾ. ಕೈ ಇನ್ನೂ ಇದೆ. ಬಾಗಿಲೇ ಇಲ್ಲ."

"ಇದು ಬರೀ ಯಂತ್ರ ಹಜ್ಜಾ. ಇದರ ಹಿಂದೆ ಯಾರೂ ಕೂತಿಲ್ಲ."

ಅವಳು ಪೆಟ್ಟಿಗೆಯ ಹಿಂದಕ್ಕೆ ಬಗ್ಗಿ ನೋಡಿದಳು. ಅಲ್ಲಿ ಒಂದು ವೈರು, ಸ್ವಲ್ಪ ಧೂಳು. "ಈ ವೈರು ಎಲ್ಲಿಗೆ ಹೋಗುತ್ತೆ?" ಎಂದಳು. ಬಾಸಿಲ್ ಮುಂದಿನವರನ್ನು ಕರೆದ.

ಇದನ್ನು ಮುದುಕಿಯ ತಲೆಹರಟೆ ಎಂದುಕೊಳ್ಳುವವರಿಗೆ ರಾಕಾನನ ವಿಷಯ ಗೊತ್ತಿಲ್ಲ. ರಾಕಾನ್ ಅವಳ ಒಬ್ಬನೇ ಮಗ. ಊರಿಗೆ ಮುತ್ತಿಗೆ ಬಿದ್ದ ಚಳಿಗಾಲದಲ್ಲಿ ಹಿಟ್ಟು ಕಡಿಮೆಯಿತ್ತು. ಯಾರಿಗೂ ತಪ್ಪಬಾರದೆಂದು ರಾಕಾನ್ ಮನೆಮನೆಗೆ ಹೋಗಿ ಪಟ್ಟಿ ಬರೆದ: ಯಾವ ಮನೆಯಲ್ಲಿ ಎಷ್ಟು ಜನ, ಗಂಡಸರೆಷ್ಟು, ವಯಸ್ಸೆಷ್ಟು. ಚೆಂದದ ಅಕ್ಷರ, ನನ್ನ ಶಾಲೆಯ ನೋಟ್‌ಬುಕ್ಕಿನಲ್ಲೇ ಬರೆದಿದ್ದ. ಆ ಪಟ್ಟಿಯಿಂದ ಎರಡು ತಿಂಗಳು ಇಡೀ ಊರು ರೊಟ್ಟಿ ತಿಂದಿತು. ಆಮೇಲೆ ಬೇಕರಿ ಮುತ್ತಿಗೆ ಹಾಕಿದವರ ಕೈಗೆ ಹೋಯಿತು, ಜೊತೆಗೆ ಪಟ್ಟಿಯೂ ಹೋಯಿತು. ವಸಂತದಲ್ಲಿ ತಪಾಸಣೆ ಠಾಣೆಯಲ್ಲಿ ಬಸ್ಸು ನಿಲ್ಲಿಸಿ ಹೆಸರು ಕೂಗಿದರು. ಕೂಗುತ್ತಿದ್ದವನ ಕೈಯಲ್ಲಿದ್ದದ್ದು ಅದೇ ನೋಟ್‌ಬುಕ್. ಮೊದಲ ಪುಟದಲ್ಲಿ ಬರೆದವನ ಹೆಸರೇ ಇತ್ತು. ಆ ಬಸ್ಸಿನಲ್ಲಿ ಫಿದ್ದಾ ಖಾಲಾ ಮಗನ ಪಕ್ಕದಲ್ಲೇ ಕೂತಿದ್ದಳು. ಅವನು ಇಳಿದ. ಅಷ್ಟೇ, ಇಂದಿನವರೆಗೆ ಸುದ್ದಿಯಿಲ್ಲ.

ಹಾಗಾಗಿ ಒಳ್ಳೆಯದಕ್ಕೇ ಬರೆದ ಪಟ್ಟಿ ಯಾರ ಕೈಗೆ ಹೋಗಬಹುದೆಂದು ಅವಳಿಗೆ ಯಾರೂ ಪಾಠ ಮಾಡಬೇಕಿರಲಿಲ್ಲ. ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು "ಮೇಲೆ ನೋಡಿ" ಎನ್ನುತ್ತಿದ್ದೆ. ನನ್ನ ಮೇಲೆ ನನಗೆ ಹೇಸಿಗೆ ಎನಿಸುತ್ತಿದ್ದ ದಿನಗಳಿದ್ದವು, ಆದರೆ ಮರುದಿನ ಬೆಳಿಗ್ಗೆ ಏಳಕ್ಕೆ ಮತ್ತೆ ಅದೇ ಸ್ಟೂಲಿನ ಮೇಲೆ ಕೂರುತ್ತಿದ್ದೆ.

ಚೀಟಿಗಳ ಕಾಲದಲ್ಲಿ ಫಿದ್ದಾ ಖಾಲಾಳ ದರ್ಬಾರನ್ನು ನೋಡಬೇಕಿತ್ತು. ನಮ್ಮ ಸಾಲಿನಲ್ಲಿ ಹದಿನೆಂಟು ತಗಡಿನ ಮನೆಗಳು. ಬಾಣಂತಿ, ಕಾಲು ಮುರಿದವನು, ಜ್ವರದವಳು, ಸೂತಕದ ಮನೆ, ಎಲ್ಲರ ಚೀಟಿಯೂ ಅವಳ ಬಟ್ಟೆಯ ಚೀಲದಲ್ಲಿ. ಒಂದೇ ಸಲಕ್ಕೆ ಒಂಬತ್ತು ಮನೆಯ ಸಾಮಾನನ್ನು ಕೈಗಾಡಿಯಲ್ಲಿ ತಂದು ಬಾಗಿಲು ಬಾಗಿಲಿಗೆ ಇಳಿಸುವಳು. ಒಂದು ಹಿಡಿ ಹೆಚ್ಚುಕಡಿಮೆ ಮಾಡಿದವಳಲ್ಲ. ಬೈಗುಳ ಮಾತ್ರ ಧಾರಾಳ. "ಇನ್ನೂ ಮಲಗಿದ್ದೀಯೇನೇ? ಹೆತ್ತಿದ್ದು ನೀನೊಬ್ಬಳೇನಾ?" ಎನ್ನುತ್ತಲೇ ಬಾಣಂತಿಯ ಒಲೆ ಹಚ್ಚಿಕೊಟ್ಟು ಹೋಗುವಳು. ಕಣ್ಣಿನ ಯಂತ್ರ ಬಂದ ಮೇಲೆ ಬಾಣಂತಿಯೂ ಬಿಸಿಲಿನಲ್ಲಿ ನಡೆದುಬಂದಳು, ಕಾಲು ಮುರಿದವನನ್ನು ಅದೇ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದರು. ಕಳ್ಳತನ ನಿಂತಿತೋ ಇಲ್ಲವೋ ನಾನು ಕಾಣೆ. ಒಬ್ಬರಿಗಾಗಿ ಇನ್ನೊಬ್ಬರು ಹೋಗುವುದು ನಿಂತಿತು.

ಅಷ್ಟರಲ್ಲಿ ಅವಳ ಗಂಡ ಫಯ್ಯಾದ್ ತೀರಿಕೊಂಡ. ಮಾರ್ಚ್ ತಿಂಗಳು, ಧೂಳಿನ ಗಾಳಿ ಶುರುವಾಗಿತ್ತು. ಮೆಲುಮಾತಿನ ಮನುಷ್ಯ, ಹೆಂಡತಿ ಇಬ್ಬರ ಪಾಲಿನದನ್ನೂ ಮಾತಾಡಿ ಮುಗಿಸುತ್ತಿದ್ದುದರಿಂದ ಅವನಿಗೆ ಮಾತೇ ಉಳಿದಿರಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಫಿದ್ದಾ ಖಾಲಾ ಕಪ್ಪು ಉಟ್ಟು ಇದ್ದತ್ತಿಗೆ ಕೂತಳು. ನಾಲ್ಕು ತಿಂಗಳು ಹತ್ತು ದಿನ ವಿಧವೆ ಮನೆಯ ಹೊಸಿಲು ದಾಟುವುದಿಲ್ಲ. ನಮ್ಮ ಅಜ್ಜಿಯರ ಕಡೆ ಇದಕ್ಕೆ ಇನ್ನೊಂದು ಕಟ್ಟಳೆಯೂ ಇತ್ತು. ಇದ್ದತ್ ಮುಗಿದ ಬೆಳಿಗ್ಗೆ ವಿಧವೆಯ ಮುಖಕ್ಕೆ ಬಟ್ಟೆ ಹೊದಿಸಿ, ಕೈಹಿಡಿದು ಊರಾಚೆ ಕರೆದೊಯ್ಯುತ್ತಿದ್ದರು. ಹೊರಗೆ ಅವಳ ಮೊದಲ ನೋಟ ಕಲ್ಲಿನ ಮೇಲೋ ಹರಿಯುವ ನೀರಿನ ಮೇಲೋ ಬೀಳಬೇಕು. ಅಷ್ಟು ದಿನ ಒಳಗೆ ಕಟ್ಟಿಟ್ಟ ದುಃಖವೆಲ್ಲ ಆ ನೋಟದಲ್ಲಿರುತ್ತದೆ, ಮನುಷ್ಯರ ಮೇಲೆ ಬಿದ್ದರೆ ಅವರು ಒಣಗಿಹೋಗುತ್ತಾರೆ ಎಂದು ನಂಬಿಕೆ. ಮಸೀದಿಯ ಶೇಖರು ಇದೆಲ್ಲ ಧರ್ಮದಲ್ಲಿ ಇಲ್ಲ ಎನ್ನುತ್ತಾರೆ. ನಾನು ಓದಿದವಳು, ನನಗೂ ನಂಬಿಕೆಯಿಲ್ಲ. ಆದರೂ ಅಂಥ ಬೆಳಿಗ್ಗೆ ಎದುರಿಗೆ ನಿಂತಿರು ಎಂದರೆ ನಿಲ್ಲಲಾರೆ.

ಏಪ್ರಿಲಿನಲ್ಲಿ ಅವಳ ಕಣ್ಣು ಅಂಗಡಿಗೆ ಬರಲಿಲ್ಲ. ಮೇ ತಿಂಗಳಲ್ಲೂ ಬರಲಿಲ್ಲ. ಮೇ ಕೊನೆಗೆ ನನ್ನ ಪರದೆಯ ಮೇಲೆ ಅವಳ ಹೆಸರು ಬೂದಿ ಬಣ್ಣಕ್ಕೆ ತಿರುಗಿತು. ಎರಡು ತಿಂಗಳು ಕಣ್ಣು ತೋರಿಸದವರು ಶಿಬಿರ ಬಿಟ್ಟು ಹೋಗಿದ್ದಾರೆ ಎಂದು ಯಂತ್ರ ತೀರ್ಮಾನಿಸುತ್ತದೆ. ಮೂರನೆಯ ತಿಂಗಳಿಗೆ ಹೆಸರೇ ಅಳಿಯುತ್ತದೆ. ಹೆಸರಿನ ಜೊತೆ ತಗಡಿನ ಮನೆಯೂ ಹೋಗುತ್ತದೆ. ಆರು ಗಜ ದೂರದಲ್ಲಿ, ನನ್ನ ಗೋಡೆಯ ಆಚೆ ಬದಿಯಲ್ಲಿ ಕೆಮ್ಮುತ್ತಿದ್ದ ಹೆಂಗಸು ಪರದೆಯ ಪ್ರಕಾರ ಎಲ್ಲೋ ಹೋಗಿಬಿಟ್ಟಿದ್ದಳು.

ಓಡಿಹೋಗಿ ಹೇಳಿದೆ. ಅವಳು ಚಾಪೆಯ ಮೇಲೆ ಕೂತು ಬೇಳೆ ಆರಿಸುತ್ತಿದ್ದಳು. ಪಕ್ಕದ ಮನೆಯ ಜವಾಹಿರ್ ತನ್ನ ಪಾಲಿನಿಂದ ತಂದುಕೊಟ್ಟ ಬೇಳೆ. ಎರಡು ತಿಂಗಳಿಂದ ಸಾಲಿನ ಹೆಂಗಸರೇ ಸರದಿಯ ಮೇಲೆ ಅವಳನ್ನು ಸಾಕುತ್ತಿದ್ದರು.

"ಖಾಲಾ, ಒಂದೇ ಒಂದು ಸಲ ಬಂದು ಹೋಗು. ಹಗಲಲ್ಲಿ, ಮುಖ ಮುಚ್ಕೊಂಡು. ಹತ್ತು ನಿಮಿಷ."

"ಮುಖ ಮುಚ್ಕೊಂಡು ಬಂದ್ರೆ ನಿನ್ನ ಪೆಟ್ಟಿಗೆ ಸುಮ್ನಿರುತ್ತಾ?"

ನಾನು ಶೇಖರನ್ನು ಕರೆತಂದೆ. ಅವರು ಬಾಗಿಲಾಚೆ ನಿಂತು, ಅಗತ್ಯವಿದ್ದರೆ ವಿಧವೆ ಹಗಲಿನಲ್ಲಿ ಹೊರಗೆ ಹೋಗಬಹುದು, ಧರ್ಮ ಕಷ್ಟ ಕೊಡುವುದಿಲ್ಲ ಎಂದು ವಿವರಿಸಿದರು. ಫಿದ್ದಾ ಖಾಲಾ ಪೂರ್ತಿ ಕೇಳಿಸಿಕೊಂಡಳು.

"ನೀವು ಹೇಳಿದ್ದು ಸರಿ ಶೇಖ್. ನನಗೆ ಹೊಟ್ಟೆಗಿಲ್ಲದೆ ಹೋಗಿದ್ರೆ ಹೊರಗೆ ಬರ್ತಿದ್ದೆ. ವೈದ್ಯರು ಬೇಕಾಗಿದ್ರೂ ಬರ್ತಿದ್ದೆ. ಈಗ ನೋಡಿ, ನನ್ನ ಪಾಲು ಅಲ್ಲಿ ಅಂಗಡೀಲಿದೆ. ಜವಾಹಿರ್ ಪಕ್ಕದಲ್ಲೇ ಇದ್ದಾಳೆ, ಅವಳಿಗೆ ಎರಡು ಕೈ ಇದೆ, ತಂದುಕೊಡ್ತೀನಿ ಅಂತಾಳೆ. ಬೇಡ ಅಂತಿರೋದು ಯಾರು? ಪೆಟ್ಟಿಗೆ. ಅಗತ್ಯ ಇರೋದು ನನಗಲ್ಲ ಶೇಖ್, ಪೆಟ್ಟಿಗೆಗೆ. ಪೆಟ್ಟಿಗೆ ಅಗತ್ಯಕ್ಕೆ ನಾನು ಫಯ್ಯಾದನ ಇದ್ದತ್ ಮುರೀಬೇಕು ಅಂತ ಯಾವ ಕಿತಾಬಲ್ಲಿದೆ?"

ಶೇಖರು ಗಡ್ಡ ನೀವಿಕೊಂಡರು. "ಅದು ಯಾವ ಕಿತಾಬಲ್ಲೂ ಇಲ್ಲ" ಎಂದು ಒಪ್ಪಿಕೊಂಡು ಹೋದರು.

"ಹೆಸರು ಅಳಿಸಿಬಿಡ್ತಾರೆ ಖಾಲಾ" ಎಂದೆ. ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. "ಮನೆ ಹೋಗುತ್ತೆ. ಎಲ್ಲಿರ್ತೀಯ?"

"ನನ್ನ ಕಣ್ಣು ತಗೊಳ್ಬೇಕಾದ್ರೂ ಯಾರೂ ನನ್ನನ್ನ ಕೇಳ್ಲಿಲ್ಲ, ಮಗನ್ನ ಬಸ್ಸಿಂದ ಇಳಿಸ್ಬೇಕಾದ್ರೂ ಕೇಳ್ಲಿಲ್ಲ. ಗಂಡನಿಗೆ ಅತ್ತು ಮುಗಿಸೋಕೆ ನಾಲ್ಕು ತಿಂಗಳು ಹತ್ತು ದಿನ ಕೊಟ್ಟಿದ್ದಾನೆ ದೇವರು. ಅದರಲ್ಲಿ ಹತ್ತು ನಿಮಿಷ ಕೂಡ ನಾನು ಅವರಿಗೆ ಕೊಡಲ್ಲ. ಹೋಗು, ನಿನ್ನ ಕೆಲಸ ನೋಡ್ಕೋ."

ಹೋಗಿ ನನ್ನ ಕೆಲಸ ನೋಡಿಕೊಂಡೆ.

ಜೂನ್ ಮೊದಲ ಸೋಮವಾರ ನಮ್ಮ ಸಾಲಿನ ಪಾಳಿ. ಬಿಸಿಲು ಆಗಲೇ ತಗಡನ್ನು ಕಾಯಿಸಿತ್ತು. ಮೊದಲು ಬಂದವಳು ಜವಾಹಿರ್. ಹಿಟ್ಟು, ಎಣ್ಣೆ, ಟೊಮೇಟೊ ಪೇಸ್ಟಿನ ಡಬ್ಬಿ, ಎಲ್ಲ ಬುಟ್ಟಿಗೆ ತುಂಬಿ ಕೌಂಟರಿನ ಮೇಲಿಟ್ಟಳು. ಪೆಟ್ಟಿಗೆಯ ಮುಂದೆ ಮುಖ ತಂದಳು. ಕಣ್ಣು ಮುಚ್ಚಿಕೊಂಡಳು.

"ಕಣ್ಣು ಬಿಡು ಜವಾಹಿರ್."

"ಬಿಡಲ್ಲ."

ಯಂತ್ರದೊಳಗಿನ ಹೆಂಗಸಿನ ದನಿ, ಯಾವ ಊರಿನವಳೋ, ಜೇನಿನಂಥ ದನಿ, "ಕಣ್ಣು ಕಾಣಿಸುತ್ತಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ" ಎಂದಿತು.

"ಕಾಣ್ಸಲ್ಲ ಕಣೇ, ನೀನೇ ಪ್ರಯತ್ನ ಮಾಡು" ಎಂದಳು ಜವಾಹಿರ್, ಮುಚ್ಚಿದ ಕಣ್ಣಿನಲ್ಲೇ. ಮೂರು ಸಲ ಕೆಂಪು ದೀಪ ಹತ್ತಿತು. ಮೂರು ಸಲ ಕೆಂಪಾದರೆ ಅವತ್ತಿನ ಪಾಲು ಸಿಗುವುದಿಲ್ಲ. ಅವಳ ಮನೆಯಲ್ಲಿ ನಾಲ್ಕು ಮಕ್ಕಳು. ಬುಟ್ಟಿಯನ್ನು ಅಲ್ಲೇ ಬಿಟ್ಟು ಪಕ್ಕಕ್ಕೆ ನಿಂತಳು. ಅವಳ ಹಿಂದಿನವಳೂ ಬಂದು ಕಣ್ಣು ಮುಚ್ಚಿದಳು. ಅವಳ ಹಿಂದಿನವಳೂ ಹಾಗೇ ಮಾಡಿದಳು. ಐದನೆಯವಳು, ಪೂರಾ ಕುರುಡಾಗುತ್ತಿದ್ದ ಒಬ್ಬ ಮುದುಕಿ, "ನನಗೆ ಮುಚ್ಚಿದ್ರೂ ಒಂದೇ ಬಿಟ್ಟರೂ ಒಂದೇ, ಆದ್ರೂ ಮುಚ್ತೀನಿ ಬಿಡು" ಎಂದು ಮುಚ್ಚಿಕೊಂಡಳು. ಕೌಂಟರಿನ ಮೇಲೆ ಬುಟ್ಟಿಗಳು ಒಂದರ ಮೇಲೊಂದು ಬಿದ್ದವು. ಸಾಲು ಬೇಕರಿಯವರೆಗೂ ಬೆಳೆಯಿತು. ಜೇನಿನ ದನಿ ಪಾಪ, ಬೇಡಿಕೊಳ್ಳುತ್ತಲೇ ಇತ್ತು.

ಬಾಸಿಲ್ ಬಂದವನೇ ಯಂತ್ರ ಕೆಟ್ಟಿದೆ ಎಂದುಕೊಂಡ. ಆರಿಸಿ ಮತ್ತೆ ಹಾಕಿದ. ಕನ್ನಡಿಯನ್ನು ತನ್ನ ಕರವಸ್ತ್ರದಿಂದ ಒರೆಸಿದ. ಆಮೇಲೆ ಎದುರಿಗೆ ನಿಂತ ಮುಖಗಳನ್ನು ನೋಡಿದ.

"ಏನಿದು?"

"ಫಿದ್ದಾ ಖಾಲಾ ಇದ್ದತ್‌ನಲ್ಲಿದ್ದಾಳೆ ಉಸ್ತಾದ್" ಎಂದಳು ಜವಾಹಿರ್. "ಅವಳ ಪಾಲು ನನ್ನ ಕೈಲಿ ಕೊಡೋವರೆಗೂ ನಮ್ಮ ಕಣ್ಣುಗಳೂ ಇದ್ದತ್‌ನಲ್ಲಿರ್ತವೆ."

"ನಾನು ನಿಯಮ ಮಾಡಿದವನಲ್ಲ."

"ಮಾಡಿದವರನ್ನ ಕರೀರಿ. ನಾವೇನು ಎಲ್ಲಿಗೂ ಹೋಗಲ್ಲ, ಹೋಗೋಕೆ ಜಾಗಾನೇ ಇಲ್ಲ."

ಆಗ ಹನ್ನೊಂದು ಗಂಟೆ. ಎರಡು ಗಂಟೆಗೊಮ್ಮೆ ಕೌಂಟರಿನವರೂ ತಮ್ಮ ಕಣ್ಣು ತೋರಿಸಿ ಯಂತ್ರವನ್ನು ಎಬ್ಬಿಸಬೇಕು, ಇಲ್ಲದಿದ್ದರೆ ಅದು ಮಲಗಿಬಿಡುತ್ತದೆ. ಪರದೆಯ ಮೇಲೆ ನನ್ನ ಹೆಸರು ಮಿಣುಕತೊಡಗಿತು. ಬಾಸಿಲ್ "ಬೇಗ ಮಾಡಿ ನಜ್ವಾ" ಎಂದ. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಯಾರೂ ಟೀಚರಮ್ಮ ಎನ್ನಲಿಲ್ಲ. ಹದಿನಾಲ್ಕು ತಿಂಗಳು ಕಾದು ಪಡೆದ ಸ್ಟೂಲು ಅದು. ನನ್ನ ನೋಟ್‌ಬುಕ್ಕಿನಲ್ಲಿ ರಾಕಾನ್ ಬರೆದ ಚೆಂದದ ಅಕ್ಷರ ನೆನಪಾಯಿತು. ಪೆಟ್ಟಿಗೆಯ ಮುಂದೆ ಮುಖ ತಂದು ನಾನೂ ಕಣ್ಣು ಮುಚ್ಚಿದೆ. ಸ್ಟೂಲು ಕೈತಪ್ಪುವುದು ಗೊತ್ತೇ ಇತ್ತು. ಆದರೂ ಹೇಳುತ್ತೇನೆ, ಆ ಅಂಗಡಿಗೆ ಬಂದಮೇಲೆ ಮೊದಲ ಸಲ ನನಗೆ ಉಸಿರಾಡಲು ಸರಾಗವೆನಿಸಿತು. ಯಂತ್ರ ಮಲಗಿತು.

ಸಂಜೆ ಬಾಸಿಲ್ ನಮ್ಮ ಸಾಲಿಗೆ ಬಂದ. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರವೊಂದು ಅವನ ಬಳಿ ಇತ್ತು, ಕಚೇರಿಯಿಂದ ಬೇಡಿ ತಂದದ್ದು. ಫಿದ್ದಾ ಖಾಲಾ ಬಾಗಿಲ ಪರದೆಯ ಒಳಗೆ ಕೂತಳು, ಅವನು ಹೊರಗೆ ಮಗುಚಿದ ಡಬ್ಬದ ಮೇಲೆ ಕೂತ. ನಡುವೆ ನಾನು ನಿಂತೆ. ಜವಾಹಿರ್ ಕಹಿ ಕಾಫಿ ತಂದಳು. ಬಾಸಿಲ್ ಬಟ್ಟಲನ್ನು ತೆಗೆದುಕೊಂಡು ಕುಡಿಯದೆ ನೆಲದ ಮೇಲಿಟ್ಟ.

ನಮ್ಮಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು. ಬಂದವನು ಕಾಫಿ ಮುಟ್ಟದಿದ್ದರೆ ಅವನದೊಂದು ಕೋರಿಕೆಯಿದೆ. ಅದನ್ನು ನಡೆಸಿಕೊಡುವವರೆಗೆ ಕುಡಿಯುವುದಿಲ್ಲ. ಹಾಗೆ ಬಂದವನನ್ನು ಬರಿಗೈಯಲ್ಲಿ ಕಳಿಸಿದರೆ ಮನೆಗೇ ಅವಮಾನ. ಅಂಗಿ ಅಮ್ಮಾನಿನದಾದರೂ ಅಜ್ಜ ಮರುಭೂಮಿಯವನೇ ಇರಬೇಕು. ಜಾಣ. ಖಾಲಾ ಸಿಕ್ಕಿಬಿದ್ದಳಲ್ಲ ಎಂದುಕೊಂಡೆ.

"ಹಜ್ಜಾ, ನೀವು ಬರೋದು ಬೇಡ, ಯಂತ್ರಾನೇ ಬಂದಿದೆ. ಒಂದು ಸಲ ನೋಡಿ, ಸಾಕು. ನಿಮ್ಮ ಹೆಸರು ಉಳಿಯುತ್ತೆ, ನನ್ನ ಮಾನಾನೂ ಉಳಿಯುತ್ತೆ."

"ಬಾಗಿಲಿಗೆ ಬಂದೋರನ್ನ ನಾನು ಯಾವತ್ತೂ ಬರಿಗೈಲಿ ಕಳಿಸಿದೋಳಲ್ಲ. ಖಂಡಿತ ನೋಡ್ತೀನಿ" ಎಂದಳು ಫಿದ್ದಾ ಖಾಲಾ. "ನಮ್ಮ ಮನೇಲಿ ಅತಿಥಿಗೆ ಮೊದಲು. ನೀನು ನೋಡು, ಆಮೇಲೆ ನಾನು."

"ನಾನಾ?"

"ಹೂಂ. ನಿನ್ನ ಕಣ್ಣೂ ಅದರೊಳಗೆ ಹೋಗ್ಲಿ. ನನ್ನದು ಎಲ್ಲಿರುತ್ತೋ ಅಲ್ಲೇ ನಿನ್ನದೂ ಇರ್ಲಿ."

"ಅದು... ನಮ್ಮಂಥ ಸಿಬ್ಬಂದಿಗೆ ಅಲ್ಲ ಹಜ್ಜಾ. ನಮಗೆ ಗುರುತಿನ ಕಾರ್ಡ್ ಇದೆ."

"ನಜ್ವಾನೂ ಸಿಬ್ಬಂದೀನೇ. ದಿನಾ ತೋರಿಸ್ತಾಳೆ."

"ನಜ್ವಾ..." ಎಂದು ಶುರುಮಾಡಿ ನಿಲ್ಲಿಸಿದ. ನಜ್ವಾ ನಿಮ್ಮವಳು ಎನ್ನಲು ಹೊರಟಿದ್ದ, ನನಗೆ ಗೊತ್ತಾಯಿತು. ಅವನಿಗೂ ಅದು ಗೊತ್ತಾಗಿ ಕಿವಿ ಕೆಂಪಾಯಿತು.

"ಒಳ್ಳೇ ಜಾಗದಲ್ಲಿದೆ, ಭದ್ರವಾಗಿದೆ ಅಂದ್ಯಲ್ಲಪ್ಪ. ಭದ್ರವಾದ ಜಾಗಕ್ಕೆ ನಿನ್ನ ಕಣ್ಣು ಕಳಿಸೋಕೆ ಯಾಕೆ ಹಿಂದೆಮುಂದೆ ನೋಡ್ತೀಯ?"

ಬಾಸಿಲ್ ಕೈಯಲ್ಲಿದ್ದ ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. ಸಾಲಿನ ಹೆಂಗಸರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಅವನು ದನಿ ಇಳಿಸಿ ಹೇಳಿದ್ದು ನನಗೂ ಅವಳಿಗೂ ಮಾತ್ರ ಕೇಳಿಸಿತು.

"ಅದು ಎಲ್ಲಿಗೆ ಹೋಗುತ್ತೆ ಅಂತ ನನಗೂ ಗೊತ್ತಿಲ್ಲ ಹಜ್ಜಾ. ಕೇಳಿದ್ದೆ. ಹೇಳ್ಲಿಲ್ಲ."

"ಈಗ ಮನುಷ್ಯನ ಹಾಗೆ ಮಾತಾಡಿದೆ" ಎಂದಳು.

ಅವನು ಯಂತ್ರವನ್ನು ಚೀಲಕ್ಕೆ ಹಾಕಿದ. ಜೇಬಿನಿಂದ ಪೆನ್ನು ತೆಗೆದು, ನನ್ನ ಹತ್ತಿರ ಕಾಗದ ಕೇಳಿ, ಮೊಣಕಾಲ ಮೇಲಿಟ್ಟುಕೊಂಡು ಬರೆದ: ಈ ಮಹಿಳೆ ಇಲ್ಲೇ ಇದ್ದಾಳೆ, ಖುದ್ದಾಗಿ ಮಾತಾಡಿಸಿದ್ದೇನೆ, ಇದ್ದತ್ತಿನಲ್ಲಿದ್ದಾಳೆ, ಇವಳ ಪಾಲನ್ನು ನೆರೆಯ ಜವಾಹಿರಳ ಕೈಯಲ್ಲಿ ಕೊಡತಕ್ಕದ್ದು. ಕೆಳಗೆ ತನ್ನ ಪೂರ್ತಿ ಹೆಸರು, ತಂದೆಯ ಹೆಸರು, ಸಹಿ. ಆಮೇಲೆ ಬಟ್ಟಲೆತ್ತಿ, ಕೋರಿಕೆ ನಡೆಯದಿದ್ದರೂ, ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದ. ಅವತ್ತಿನ ಅವನ ಮೇಲೆ ನನಗೆ ಗೌರವವಿದೆ.

ಮೇಲಿನವರು ಆ ಕಾಗದಕ್ಕೆ ಎರಡು ವಾರ ಕೂಗಾಡಿದರಂತೆ. ಆದರೆ ನಮ್ಮ ಸಾಲಿನ ಸುದ್ದಿ ಆಚೆ ಸಾಲಿಗೆ ಹೋಗಿತ್ತು, ಅಲ್ಲಿನವರೂ ಕಣ್ಣು ಮುಚ್ಚಲು ಕಲಿತಿದ್ದರು. ಕೊನೆಗೆ ಅದಕ್ಕೆ 'ತಾತ್ಕಾಲಿಕ ವಿಶೇಷ ವ್ಯವಸ್ಥೆ' ಎಂದು ಹೆಸರಿಟ್ಟು ಒಪ್ಪಿಕೊಂಡರು. ಬೂದಿಯಾಗಿದ್ದ ಅವಳ ಹೆಸರು ಮತ್ತೆ ಕಪ್ಪಾಯಿತು. ಬಾಣಂತಿಯರಿಗೂ ಹಾಸಿಗೆ ಹಿಡಿದವರಿಗೂ ಅದೇ ಕಾಗದ ನಡೆಯತೊಡಗಿತು. ಶಿಬಿರದಲ್ಲಿ ಅದನ್ನು ಎಲ್ಲರೂ ಫಿದ್ದಾಳ ಚೀಟಿ ಎನ್ನುತ್ತಾರೆ. ನನ್ನ ಸ್ಟೂಲನ್ನು ಮಾತ್ರ ಒಂದು ವಾರ ಕಿತ್ತುಕೊಂಡು, ಬೇರೆ ಯಾರಿಗೂ ಆ ಸಾಲನ್ನು ಸಂಭಾಳಿಸಲು ಬರದೆ ವಾಪಸು ಕೊಟ್ಟರು. ಅಲ್ಲಿಂದಾಚೆಗೆ ನಾನು "ಮೇಲೆ ನೋಡಿ" ಎನ್ನುವುದಿಲ್ಲ. "ತೋರಿಸ್ತೀರಾ?" ಎಂದು ಕೇಳುತ್ತೇನೆ. ಇಲ್ಲ ಎಂದರೆ ಕಾಗದ ಬರೆಯುತ್ತೇನೆ.

ಜುಲೈ ಕೊನೆಗೆ ಇದ್ದತ್ ಮುಗಿಯಿತು. ಬೆಳಿಗ್ಗೆ ಸ್ನಾನ ಮಾಡಿ ಕೂತಿದ್ದಳು. ಅಜ್ಜಿಯರ ಕಟ್ಟಳೆಯಂತೆ ಅವಳ ಮುಖಕ್ಕೆ ಬಟ್ಟೆ ಹೊದಿಸಿ ಕೈಹಿಡಿದೆ. ಬೇಲಿಯ ಹತ್ತಿರ ದೊಡ್ಡದೊಂದು ಕಪ್ಪು ಕಲ್ಲಿದೆ, ಅಲ್ಲಿಗೆ ಕರೆದೊಯ್ಯೋಣವೆಂದು ಹೊರಟೆ.

"ಆ ಕಡೆ ಅಲ್ಲ" ಎಂದಳು ಬಟ್ಟೆಯೊಳಗಿಂದ. "ಅಂಗಡಿಗೆ."

"ಖಾಲಾ, ಅಲ್ಲಿ ಜನ ಇರ್ತಾರೆ."

"ಜನರನ್ನ ಪಕ್ಕಕ್ಕೆ ನಿಲ್ಸು. ನನ್ನ ಮೊದಲ ನೋಟ ಯಾರಿಗೆ ಅಂತ ನಾಲ್ಕು ತಿಂಗಳಿಂದ ಎತ್ತಿಟ್ಟಿದ್ದೀನಿ."

ಶಿಬಿರದ ನಡುಬೀದಿಯಲ್ಲಿ ನಾವಿಬ್ಬರೂ ನಡೆದೆವು, ಮುಖ ಮುಚ್ಚಿದ ಕಪ್ಪು ಬಟ್ಟೆಯ ಹೆಂಗಸು ಮತ್ತು ನಾನು. ಜನ ದಾರಿಬಿಟ್ಟು ನಮ್ಮ ಹಿಂದೆ ಬಂದರು. ಅಂಗಡಿಯೊಳಗಿದ್ದವರು ಕೌಂಟರಿನ ಮುಂದಿನಿಂದ ಸರಿದು ಎರಡೂ ಕಡೆ ಗೋಡೆಗೆ ಅಂಟಿ ನಿಂತರು. ಬಾಸಿಲ್ ಪೆಟ್ಟಿಗೆಯ ಹಿಂದೆ, ವೈರು ಸಿಕ್ಕಿಸುವ ಕಡೆ ಏನೋ ಸರಿಮಾಡುತ್ತ ನಿಂತಿದ್ದ. ನಾನು ಅವಳನ್ನು ಕನ್ನಡಿಯ ಎದುರಿಗೆ ನಿಲ್ಲಿಸಿದೆ.

ಅವಳು ಎರಡೂ ಕೈಯಿಂದ ಬಟ್ಟೆ ಎತ್ತಿದಳು. ಬಸ್ಸು, ನೋಟ್‌ಬುಕ್, ಫಯ್ಯಾದ್, ಬಾಗಿಲಿಲ್ಲದ ಬೀಗದ ಕೈ, ಎಲ್ಲವನ್ನೂ ಇಟ್ಟುಕೊಂಡಿದ್ದ ಮಂಜುಗಣ್ಣುಗಳನ್ನು ಅಗಲವಾಗಿ ತೆರೆದು, ರೆಪ್ಪೆ ಬಡಿಯದೆ, ಪೆಟ್ಟಿಗೆಯೊಳಗೆ ನೋಡಿದಳು. ಅಷ್ಟು ಹೊತ್ತು ಆ ಯಂತ್ರವನ್ನು ದಿಟ್ಟಿಸಿದವರು ಅದುವರೆಗೆ ಯಾರೂ ಇರಲಿಲ್ಲ.

ಹಸಿರು ದೀಪ ಹತ್ತಿತು. ಜೇನಿನ ದನಿ ಧನ್ಯವಾದ ಹೇಳಿತು.

"ಇದಕ್ಕೇನೂ ಆಗಲ್ಲ" ಎಂದಳು ಫಿದ್ದಾ ಖಾಲಾ, ಬಟ್ಟೆಯನ್ನು ಹೆಗಲಿಗೆ ಹಾಕಿಕೊಳ್ಳುತ್ತ. ಆಮೇಲೆ ಬಾಸಿಲನನ್ನು ಹುಡುಕಿದಳು. ಅವನು ಪೆಟ್ಟಿಗೆಯ ಹಿಂದೆ ಇರಲಿಲ್ಲ. ನಾಲ್ಕು ಹೆಜ್ಜೆ ಆಚೆ, ಸಕ್ಕರೆ ಮೂಟೆಗಳ ಮರೆಗೆ ಸರಿದು ನಿಂತಿದ್ದ.

"ಇದರ ಹಿಂದೆ ಯಾರೂ ಇಲ್ಲ ಅಂತಿದ್ಯಲ್ಲ ಮಗಾ" ಎಂದಳು. "ಮತ್ಯಾಕೆ ಸರಿದೆ?"

ಅವಳು ಬೇಳೆಯ ಚೀಲವನ್ನು ಕಂಕುಳಿಗೆ ಏರಿಸಿಕೊಂಡಳು, ಆದರೆ ಹೊರಡಲಿಲ್ಲ. ಉತ್ತರಕ್ಕಾಗಿ ಕೌಂಟರಿನ ಮುಂದೆಯೇ ನಿಂತಳು. ಹಿಂದೆ ಸಾಲು ಬೆಳೆಯುತ್ತ ಬಾಗಿಲು ದಾಟಿತು. ಬೇಗ ಬೇಗ ಎಂದು ಯಾರೂ ಅನ್ನಲಿಲ್ಲ.